‘ಮಿಲಿಟರಿ ಸಂಬಳಕ್ಕೆ ಯಾವ ಕೋರ್ಟೂ ಕೈ ಹಾಕಲ್ಲ’ ಅನ್ನೋದು ಅರ್ಧ ನಿಜ

ಪ್ರಶ್ನೆ: ನನಗೆ 26 ವರ್ಷ. ಧಾರವಾಡದ ಒಂದು ಖಾಸಗಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ಸೈನ್ಯದಲ್ಲಿ ಸಿಪಾಯಿಯಾಗಿರುವ ಒಬ್ಬರ ಜೊತೆ ಮೂರು ವರ್ಷದಿಂದ ಪರಿಚಯ. ಅವರು ಗದಗ ಜಿಲ್ಲೆಯವರು. ಬೆಳಗಾವಿಯಲ್ಲಿ ಪೋಸ್ಟಿಂಗ್ ಇದ್ದಾಗ ಅಲ್ಲೇ ಬಾಡಿಗೆ ಮನೆ ಮಾಡಿ ಎಂಟು ತಿಂಗಳು ಒಟ್ಟಿಗೆ ಇದ್ದೆವು. ಇಬ್ಬರಿಗೂ ಮೊದಲು ಮದುವೆ ಆಗಿರಲಿಲ್ಲ. ‘ಮುಂದಿನ ಲೀವ್‌ಗೆ ಬಂದಾಗ ಮದುವೆ ಆಗೋಣ’ ಎನ್ನುತ್ತಲೇ ಬಂದರು, ಆಗಲಿಲ್ಲ. ಈಗ ಮಗನಿಗೆ 14 ತಿಂಗಳು. ಹೆರಿಗೆಯಾದ ಮೇಲೆ ನಾಲ್ಕು ತಿಂಗಳು ಫೋನ್‌ಪೇಯಲ್ಲಿ ದುಡ್ಡು ಹಾಕಿದರು. ಆಮೇಲೆ ನಂಬರ್ ಬ್ಲಾಕ್. ಈಗ ಜಮ್ಮು ಕಡೆ ಇದ್ದಾರಂತೆ. ಅವರ ಮನೆಗೆ ಹೋದರೆ ‘ನಮ್ಮ ಹುಡುಗನದ್ದೇ ಅಂತ ಏನು ಗ್ಯಾರಂಟಿ?’ ಎಂದರು. ಅವರ ಅಣ್ಣ ‘ಮಿಲಿಟರಿ ಸಂಬಳಕ್ಕೆ ಯಾವ ಕೋರ್ಟೂ ಕೈ ಹಾಕಲ್ಲ, ಎಲ್ಲಿಗೆ ಬೇಕಾದ್ರೂ ಹೋಗು’ ಎಂದರು. ನನಗೆ ಅಂತ ಏನೂ ಬೇಡ. ಮಗನ ತಂದೆ ಯಾರು ಅಂತ ದಾಖಲೆ ಆಗಬೇಕು, ಅವನ ಖರ್ಚಿಗೆ ಹಣ ಬರಬೇಕು. ಮೊದಲು ಅವರ ಸಿಓ (ಕಮಾಂಡಿಂಗ್ ಆಫೀಸರ್) ಸಾಹೇಬರಿಗೆ ಪತ್ರ ಬರೆಯಲೇ?

ಉತ್ತರ: ಸಿಓಗೆ ಪತ್ರ ಈಗಲೇ ಬೇಡ. ಮೊದಲು ಕೋರ್ಟು, ಆಮೇಲೆ ಯೂನಿಟ್ಟು. ಈ ಕ್ರಮ ತಪ್ಪಿದರೆ ವರ್ಷಗಟ್ಟಲೆ ಅಲೆದಾಟ. ಯಾಕೆ ಅಂತ ಹೇಳುತ್ತೇನೆ. ಅದಕ್ಕೂ ಮೊದಲು ಆ ಅಣ್ಣನ ಮಾತು ತೆಗೆದುಕೊಳ್ಳೋಣ. ಅದೇ ನಿಮ್ಮನ್ನು ಜಾಸ್ತಿ ಹೆದರಿಸಿದ ಹಾಗಿದೆ.

ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. 1950ರ ಸೇನಾ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಸೈನಿಕನ ಸಂಬಳ, ಭತ್ಯೆಯನ್ನು ಸಿವಿಲ್ ಕೋರ್ಟಾಗಲಿ ಕಂದಾಯ ಕೋರ್ಟಾಗಲಿ ಜಪ್ತಿ ಮಾಡುವ ಹಾಗಿಲ್ಲ. ಗಡಿಯಲ್ಲಿ ನಿಂತವನ ಸಂಬಳವನ್ನು ಊರಿನಲ್ಲಿ ಸಾಲ ಕೊಟ್ಟವನು ಬಂದು ಹಿಡಿಯಬಾರದು ಅನ್ನೋದು ಉದ್ದೇಶ. ಒಳ್ಳೆಯದೇ. ಬ್ಯಾರಕ್‌ಗಳಲ್ಲಿ, ಊರ ಕಟ್ಟೆಗಳಲ್ಲಿ ಓಡಾಡುವುದು ಈ ಒಂದು ಸೆಕ್ಷನ್ ಮಾತ್ರ. ಅದೇ ಕಾಯ್ದೆಯಲ್ಲಿ ಇನ್ನಷ್ಟು ಪುಟ ತಿರುಗಿಸಿದರೆ 90 ಮತ್ತು 91ನೇ ಸೆಕ್ಷನ್‌ಗಳು ಸಿಗುತ್ತವೆ. 90 ಅಧಿಕಾರಿಗಳಿಗೆ, 91 ಜೆಸಿಓ (ಜೂನಿಯರ್ ಕಮಿಷನ್ಡ್ ಆಫೀಸರ್) ಮತ್ತು ಸಿಪಾಯಿಗಳಿಗೆ. ಹೆಂಡತಿ ಮತ್ತು ಮಕ್ಕಳ ಜೀವನಾಂಶಕ್ಕಾಗಿ ಸೈನ್ಯವೇ ಅವರ ಸಂಬಳದಿಂದ ಹಣ ಮುರಿದುಕೊಳ್ಳಬಹುದು ಎಂದು ಅಲ್ಲಿದೆ. ಮಗು ಮದುವೆಯಿಂದ ಹುಟ್ಟಿದ್ದಾದರೂ ಸರಿ, ಮದುವೆಯ ಹೊರಗೆ ಹುಟ್ಟಿದ್ದಾದರೂ ಸರಿ, ಎರಡೂ ಪದ ಕಾಯ್ದೆಯಲ್ಲೇ ಇವೆ. (ಎರಡನೆಯದಕ್ಕೆ ಕಾನೂನು ಬಳಸುವ ‘ಅಕ್ರಮ’ ಅನ್ನುವ ಪದ ನನ್ನ ಬಾಯಲ್ಲಿ ಬರುವುದಿಲ್ಲ. ಹಾಲು ಕುಡಿಯುವ ಕೂಸು ಏನು ಅಕ್ರಮ ಮಾಡಿತು?) ನೌಕಾಪಡೆ, ವಾಯುಪಡೆ ಕಾಯ್ದೆಗಳಲ್ಲೂ ಇಂಥದ್ದೇ ವ್ಯವಸ್ಥೆ ಇದೆ. ಹಾಗಾಗಿ ಕಾರವಾರದ ನೌಕಾನೆಲೆಯಲ್ಲಿ ಇರುವವರ ಮಕ್ಕಳಿಗೂ ದಾರಿ ಹೆಚ್ಚುಕಮ್ಮಿ ಇದೇ.

ಅಂದರೆ ಬೀಗ ಇದೆ, ಬೀಗದಕೈಯೂ ಇದೆ. ಕೈ ಸೈನ್ಯದ ಹತ್ತಿರವೇ ಇದೆ, ಅಷ್ಟೇ.

ಹಾಗಿದ್ದರೆ ನೇರವಾಗಿ ಸೈನ್ಯಕ್ಕೇ ಬರೆದರೆ ಆಗಲ್ವಾ? ಮದುವೆಯಾದ ಹೆಂಡತಿಯಾಗಿದ್ದರೆ ಆಗುತ್ತಿತ್ತು. ಅವಳು ಸಿಓಗೆ ಅರ್ಜಿ ಕೊಡುತ್ತಾಳೆ. ಯೂನಿಟ್‌ನವರು ಗಂಡನಿಗೆ ಶೋಕಾಸ್ (ಕಾರಣ ಕೇಳುವ) ನೋಟಿಸ್ ಕೊಟ್ಟು ಉತ್ತರ ಪಡೆಯುತ್ತಾರೆ. ಕಡತ ಮೇಲೆ ಹೋಗಿ ಕಮಾಂಡ್ ಮಟ್ಟದಲ್ಲಿ ಆದೇಶ ಆಗುತ್ತದೆ. ಮದುವೆ ಸೈನ್ಯದ ದಾಖಲೆಯಲ್ಲೇ ಇರುತ್ತದೆ, ಮಕ್ಕಳ ಹೆಸರೂ ಇರುತ್ತದೆ. ನಿಮ್ಮ ವಿಷಯದಲ್ಲಿ ಅದೇ ಇಲ್ಲ. ನೋಟಿಸ್ ಬಂದ ದಿನ ಅವರು ‘ಮಗು ನನ್ನದಲ್ಲ’ ಎಂದು ಒಂದು ಸಾಲು ಬರೆದುಕೊಟ್ಟರೆ ಸಾಕು, ಕಡತ ಅಲ್ಲೇ ನಿಲ್ಲುತ್ತದೆ. ಮಗು ಯಾರದ್ದು ಅಂತ ತೀರ್ಮಾನ ಮಾಡುವುದು ಸಿಓ ಕೆಲಸ ಅಲ್ಲ. ಅವರನ್ನು ದೂರಿ ಪ್ರಯೋಜನವೂ ಇಲ್ಲ.

ಎರಡನೇ ಕಾರಣ ಲೆಕ್ಕದ್ದು. ಇದನ್ನು ಯಾರೂ ಹೇಳುವುದೇ ಇಲ್ಲ. ಸೈನ್ಯ ತಾನಾಗಿ ಜೀವನಾಂಶ ಮಂಜೂರು ಮಾಡುವಾಗ ಅದರ ಆರ್ಮಿ ಆರ್ಡರ್‌ನಲ್ಲಿ ಮಿತಿ ಇದೆ. ಹೆಂಡತಿಗೆ ಸಂಬಳ ಮತ್ತು ಭತ್ಯೆಯ 22%ವರೆಗೆ, ಒಂದೊಂದು ಮಗುವಿಗೆ 5.5%, ಎಲ್ಲ ಸೇರಿ 33% ಮೀರಬಾರದು. ಸಂಬಳ, ಭತ್ಯೆ ಸೇರಿ 50,000 ರೂಪಾಯಿ ಅಂದುಕೊಳ್ಳಿ. ಮಗುವಿನ ಪಾಲಿಗೆ ಬರುವುದು 2,750. ನೀವು ಹೆಂಡತಿ ಅಲ್ಲದ ಕಾರಣ ಆ 22% ನಿಮ್ಮ ಲೆಕ್ಕಕ್ಕೇ ಬರಲ್ಲ. ಧಾರವಾಡದಲ್ಲಿ ಮಗುವನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ ಎಷ್ಟು ಕೊಡುತ್ತಿದ್ದೀರಿ ಅಂತ ನಿಮಗೇ ಗೊತ್ತು. ಕೋರ್ಟಿಗೆ ಈ ಶೇಕಡಾವಾರಿನ ಕಟ್ಟು ಇಲ್ಲ. ಅದು ಮಗುವಿನ ಅಗತ್ಯ, ತಂದೆಯ ಆದಾಯ, ತಾಯಿಯ ಆದಾಯ ಮೂರನ್ನೂ ನೋಡಿ ಮೊತ್ತ ಹೇಳುತ್ತದೆ.

ಈಗ ಯಾವ ಕೋರ್ಟು ಅನ್ನೋದು. ಹಿಂದೆ ಸಿಆರ್‌ಪಿಸಿ (ಹಳೇ ದಂಡ ಪ್ರಕ್ರಿಯಾ ಸಂಹಿತೆ) 125 ಅನ್ನುತ್ತಿದ್ದರು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿದೆ. ವಕೀಲರು ಇನ್ನೂ ‘ಒನ್ ಟ್ವೆಂಟಿಫೈವ್’ ಅಂತಲೇ ಅನ್ನಬಹುದು, ಗಾಬರಿ ಬೇಡ. ತಂದೆ ಶಕ್ತನಾಗಿದ್ದೂ ತನ್ನನ್ನು ತಾನು ಸಾಕಿಕೊಳ್ಳಲಾಗದ ಮಗುವನ್ನು ಕಡೆಗಣಿಸಿದರೆ ಜೀವನಾಂಶ ಕೊಡಿಸಬಹುದು. ಮದುವೆಯ ಹೊರಗೆ ಹುಟ್ಟಿದ ಮಗುವೂ ಇದರಲ್ಲಿ ಸೇರಿದೆ. ಧರ್ಮ ಯಾವುದಾದರೂ ಅನ್ವಯಿಸುತ್ತದೆ. ಅರ್ಜಿದಾರ ನಿಮ್ಮ ಮಗ, ನೀವು ಅವನ ಪರವಾಗಿ ಸಹಿ ಹಾಕುತ್ತೀರಿ. ಕೌಟುಂಬಿಕ ನ್ಯಾಯಾಲಯ ಇರುವ ಊರಲ್ಲಿ ಅಲ್ಲಿ, ಇಲ್ಲದ ಕಡೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ.

ಇಲ್ಲೊಂದು ಗುಂಡಿ ಇದೆ, ನೋಡಿ ಕಾಲಿಡಿ. ಹೆಂಡತಿಯಾದವಳು ತಾನು ವಾಸವಿರುವ ಊರಿನಲ್ಲೇ ಈ ಅರ್ಜಿ ಹಾಕಬಹುದು. ಮದುವೆಯಾಗದ ತಾಯಿಗೆ ಅದೇ ಸಂಹಿತೆಯ 145ನೇ ಸೆಕ್ಷನ್ ಅಷ್ಟು ಧಾರಾಳ ಇಲ್ಲ. ಆ ವ್ಯಕ್ತಿ ಈಗ ಇರುವ ಜಾಗ, ಅವರ ವಾಸದ ಊರು, ಇಲ್ಲವೇ ಮಗುವಿನ ತಾಯಿಯ ಜೊತೆ ಅವರು ಕೊನೆಯದಾಗಿ ವಾಸವಿದ್ದ ಊರು, ಇಷ್ಟೇ. ನಿಮ್ಮ ಲೆಕ್ಕದಲ್ಲಿ ಜಮ್ಮು, ಗದಗ ಅಥವಾ ಬೆಳಗಾವಿ. ಧಾರವಾಡ ಪಟ್ಟಿಯಲ್ಲಿ ಇಲ್ಲ! ಧಾರವಾಡದಲ್ಲಿ ಹಾಕಿಬಿಟ್ಟರೆ ಎದುರಿನ ವಕೀಲರು ಮೊದಲ ದಿನವೇ ವ್ಯಾಪ್ತಿಯ ತಕರಾರು ತೆಗೆಯುತ್ತಾರೆ. ಒಂದು ವರ್ಷ ಅದರಲ್ಲೇ ಹೋಗುತ್ತದೆ. ನಾನಾದರೆ ಬೆಳಗಾವಿ ಆರಿಸುತ್ತೇನೆ. ಬಾಡಿಗೆ ಮನೆ ಅಲ್ಲಿದೆ, ಮನೆ ಮಾಲೀಕರು ಅಲ್ಲಿದ್ದಾರೆ, ಪಕ್ಕದ ಮನೆಯವರು ಅಲ್ಲಿದ್ದಾರೆ. ಸಾಕ್ಷಿ ಹೇಳಲು ಅವರು ಗದಗಕ್ಕೆ ಬರುತ್ತಾರಾ?

ಧಾರವಾಡದಲ್ಲೇ ನಡೆಸಬೇಕು, ಮಗುವನ್ನು ಎತ್ತಿಕೊಂಡು ಓಡಾಡಲು ಆಗಲ್ಲ ಅಂದರೆ ಇನ್ನೊಂದು ಬಾಗಿಲು ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. ಇದರಲ್ಲಿ ನೀವು ವಾಸವಿರುವ ಊರಿನ ಮ್ಯಾಜಿಸ್ಟ್ರೇಟರೇ ಸಾಕು. ಮದುವೆಯಾಗದೆ ದಂಪತಿಗಳ ಹಾಗೆ ಒಂದೇ ಮನೆಯಲ್ಲಿ ಇದ್ದವರೂ ಇದರ ಕೆಳಗೆ ಬರುತ್ತಾರೆ. ಆದರೆ ಸುಮ್ನೆ ನಾಲ್ಕು ದಿನ ಜೊತೆಗಿದ್ದರೆ ಸಾಲದು. ಎಷ್ಟು ಕಾಲ ಇದ್ದರು, ಮನೆ ಖರ್ಚು ಯಾರು ನೋಡಿಕೊಂಡರು, ಹೊರಗಿನವರ ಮುಂದೆ ಗಂಡ–ಹೆಂಡತಿ ಅಂತ ಹೇಳಿಕೊಂಡರೇ, ಮಕ್ಕಳಿದ್ದಾರೆಯೇ, ಇವೆಲ್ಲ ನೋಡಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಇಂದ್ರಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. ಎಂಟು ತಿಂಗಳ ಬಾಡಿಗೆ ಮನೆ, ಮೇಲೆ ಒಂದು ಮಗು, ಇಬ್ಬರೂ ಅವಿವಾಹಿತರು. ನಿಮ್ಮ ಕಡೆ ವಾದಕ್ಕೆ ಜೀವ ಇದೆ. ಈ ಕಾಯ್ದೆಯ 20ನೇ ಸೆಕ್ಷನ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಸಂಬಳ ಕೊಡುವವರೇ ಒಂದಿಷ್ಟು ಹಣವನ್ನು ನೇರವಾಗಿ ನಿಮಗೆ ಕೊಡಲಿ ಎಂದು ಮ್ಯಾಜಿಸ್ಟ್ರೇಟರು ನಿರ್ದೇಶನ ಕೊಡಬಹುದು. ಎರಡೂ ಕಡೆ ಅರ್ಜಿ ಹಾಕಬಹುದು, ಆದರೆ ಒಂದನ್ನು ಇನ್ನೊಂದರಲ್ಲಿ ಮುಚ್ಚಿಡಬೇಡಿ. ಒಂದು ಕಡೆ ಸಿಕ್ಕಿದ್ದನ್ನು ಇನ್ನೊಂದು ಕಡೆ ಲೆಕ್ಕಕ್ಕೆ ಹಿಡಿಯುತ್ತಾರೆ.

‘ನನಗೆ ಏನೂ ಬೇಡ’ ಎಂದು ಬರೆದಿದ್ದೀರಿ. ಸ್ವಾಭಿಮಾನ ಅರ್ಥವಾಗುತ್ತದೆ. ಕೋರ್ಟಿನಲ್ಲಿ ಮಾತ್ರ ಆ ಮಾತು ಆಡುವ ಮೊದಲು ವಕೀಲರ ಜೊತೆ ಕೂತು ಯೋಚಿಸಿ.

ಈಗ ಮುಖ್ಯ ವಿಷಯ. ‘ಏನು ಗ್ಯಾರಂಟಿ?’

ಮದುವೆಯಾದವರಿಗೆ ಕಾನೂನೇ ಗ್ಯಾರಂಟಿ ಕೊಡುತ್ತದೆ. ಮದುವೆ ಚಾಲ್ತಿಯಲ್ಲಿ ಇದ್ದಾಗ ಹುಟ್ಟಿದ ಮಗು, ಅಥವಾ ಮದುವೆ ಮುರಿದು 280 ದಿನದೊಳಗೆ, ತಾಯಿ ಮರುಮದುವೆ ಆಗದೆ ಇದ್ದಾಗ ಹುಟ್ಟಿದ ಮಗು ಆ ಗಂಡನದ್ದೇ ಎಂದು ಹಿಡಿಯಬೇಕು. ಇದು ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಸೆಕ್ಷನ್, ಹಳೇ ಕಾಯ್ದೆಯಲ್ಲಿ 112. ನಿಮಗೆ ಈ ಆಸರೆ ಇಲ್ಲ. ಮಗು ಅವರದ್ದು ಅಂತ ನೀವು ತೋರಿಸಿಕೊಡಬೇಕು. ಆದರೆ ಕೊಲೆ ಕೇಸಿನ ಹಾಗೆ ಎಳ್ಳಷ್ಟೂ ಅನುಮಾನ ಉಳಿಯದಂತೆ ಸಾಬೀತು ಮಾಡಬೇಕಿಲ್ಲ. ಇರೋ ಸಾಕ್ಷಿ ನೋಡಿದರೆ ಹೀಗೇ ಆಗಿರಬೇಕು ಅಂತ ನ್ಯಾಯಾಧೀಶರಿಗೆ ಅನಿಸಿದರೆ ಸಾಕು.

ಎಲ್ಲರೂ ಡಿಎನ್‌ಎ ಅಂತ ಓಡುತ್ತಾರೆ. ನಾನು ಮೊದಲು ಕೇಳುವುದು ತಾಯಿ ಕಾರ್ಡ್. ಗರ್ಭಿಣಿಯಾದಾಗ ಆರೋಗ್ಯ ಇಲಾಖೆಯಿಂದ ಕೊಟ್ಟ ಆ ಪುಸ್ತಕದಲ್ಲಿ ಗಂಡನ ಹೆಸರಿನ ಜಾಗದಲ್ಲಿ ಯಾರ ಹೆಸರು ಬರೆಸಿದ್ದೀರಿ? ಆಗ ಜಗಳ ಇರಲಿಲ್ಲ, ಸುಳ್ಳು ಬರೆಸುವ ಕಾರಣವೂ ಇರಲಿಲ್ಲ. ಅದಕ್ಕೇ ಅದಕ್ಕೆ ತೂಕ. ಆಮೇಲೆ ಹೆರಿಗೆ ಆಸ್ಪತ್ರೆಯ ಕಾಗದ, ಸ್ಕ್ಯಾನಿಂಗ್‌ಗೆ ಅವರೇ ಸಹಿ ಹಾಕಿದ್ದರೆ ಅದು. ಬಾಡಿಗೆ ಕರಾರು, ಗ್ಯಾಸ್ ಬಿಲ್ಲು. ಫೋನ್‌ಪೇಯ ಆ ನಾಲ್ಕು ತಿಂಗಳ ಹಣ, ಅದರ ಜೊತೆ ‘ಮಗಾಗ’, ‘ಹಾಲಿನ ಪುಡಿಗೆ’ ಅಂತ ಏನಾದರೂ ಬರೆದಿದ್ದರೆ ಇನ್ನೂ ಒಳ್ಳೆಯದು. ಬ್ಯಾಂಕಿನಿಂದ ಆ ತಿಂಗಳುಗಳ ಸ್ಟೇಟ್‌ಮೆಂಟ್ ಸೀಲು ಹಾಕಿಸಿ ತೆಗೆದಿಡಿ. ಮಗುವಿನ ಫೋಟೋ ಕಳಿಸಿದಾಗ ಅವರು ವಾಟ್ಸ್‌ಆ್ಯಪ್‌ನಲ್ಲಿ ಏನು ಬರೆದರು? ‘ನನ್ನ ಹಾಗೇ ಇದ್ದಾನೆ’ ಅಂತ ಒಂದು ಸಾಲು ಇದ್ದರೆ ಅದೊಂದೇ ಅರ್ಧ ಕೇಸು.

ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿದರೆ ಮುಗಿಯಲ್ಲ. ಮೊಬೈಲಿನ ಸಾಕ್ಷಿಗೆ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು. ಹಿಂದೆ ಇದನ್ನೇ 65ಬಿ ಅನ್ನುತ್ತಿದ್ದರು. ಅದು ವಕೀಲರ ಕೆಲಸ. ಮೂಲ ಫೋನ್ ಉಳಿಸಿಕೊಳ್ಳುವುದು ನಿಮ್ಮ ಕೆಲಸ. ನನ್ನ ಹತ್ತಿರ ಬಂದಿದ್ದ ಒಬ್ಬ ಹುಡುಗಿ, ಸಿಟ್ಟಿನಲ್ಲಿ ಎಲ್ಲ ಚಾಟ್ ಅಳಿಸಿ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಟ್ಟಿದ್ದಳು. ಆಮೇಲೆ ಆ ಕೇಸನ್ನು ಎಳೆಯುವಷ್ಟರಲ್ಲಿ ನಮಗೆ ಸಾಕುಬೇಕಾಯಿತು.

ಇನ್ನು ಡಿಎನ್‌ಎ. ನೀವೇ ಲ್ಯಾಬಿನವರು, ತತ್ವ ವಿವರಿಸಬೇಕಿಲ್ಲ. ಬೇರೆ ಓದುಗರಿಗಾಗಿ ಎರಡು ಮಾತು. ಮಗುವಿನ ಡಿಎನ್‌ಎಯಲ್ಲಿ ಅರ್ಧ ತಾಯಿಯದ್ದು, ಅರ್ಧ ತಂದೆಯದ್ದು. ಪ್ರಯೋಗಾಲಯದವರು ಹದಿನೈದೋ ಇಪ್ಪತ್ತೋ ನಿರ್ದಿಷ್ಟ ಜಾಗಗಳನ್ನು ಹೋಲಿಸಿ ನೋಡುತ್ತಾರೆ. ಮಗುವಿನಲ್ಲಿ ಇದ್ದು ತಾಯಿಯಲ್ಲಿ ಇಲ್ಲದ್ದು ತಂದೆಯಿಂದಲೇ ಬಂದಿರಬೇಕು. ಎಲ್ಲ ಕಡೆ ಹೊಂದಿದರೆ ತಂದೆ ಅನ್ನುವ ಸಂಭವ 99.9%ಗಿಂತ ಮೇಲೆ ಹೋಗುತ್ತದೆ. ಹಲವು ಕಡೆ ಹೊಂದದಿದ್ದರೆ ಆ ವ್ಯಕ್ತಿ ತಂದೆ ಅಲ್ಲ. ರಕ್ತವೇ ಬೇಕೆಂದಿಲ್ಲ, ಕೆನ್ನೆಯ ಒಳಗಿನ ಸ್ವ್ಯಾಬ್‌ನಿಂದಲೂ ಆಗುತ್ತದೆ.

ಲ್ಯಾಬಿನವರಿಗೇ ಒಂದು ಆಸೆ ಬರಬಹುದು. ಅವರ ಹಳೇ ಬ್ರಷ್ಷೋ ರೇಜರೋ ಮನೆಯಲ್ಲಿ ಉಳಿದಿದೆ, ಖಾಸಗಿಯಾಗಿ ಟೆಸ್ಟ್ ಮಾಡಿಸಿಬಿಡೋಣ ಅಂತ. ಬೇಡ. ಆ ಬ್ರಷ್ಷು ಯಾರದ್ದು ಅಂತ ಹೇಳುವವರು ಯಾರು? ಒಪ್ಪಿಗೆ ಇಲ್ಲದೆ ತೆಗೆದದ್ದು ಅನ್ನುವ ಆಕ್ಷೇಪ ಬೇರೆ. ಕೋರ್ಟಿಗೆ ಬೇಕಾದದ್ದು ಸ್ಯಾಂಪಲ್ ಕೊಟ್ಟವರ ಗುರುತು, ಫೋಟೋ, ಸಹಿ, ಹೆಬ್ಬೆಟ್ಟು, ಸೀಲು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವ ದಾಖಲೆ. ಅದು ಕೋರ್ಟ್ ಆದೇಶದ ಮೇಲೆ ಮಾಡಿಸಿದರೆ ಮಾತ್ರ ಸರಿಯಾಗಿ ಸಿಗುತ್ತದೆ. ಬೆಂಗಳೂರಿನ ಮಡಿವಾಳದ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಡಿಎನ್‌ಎ ವಿಭಾಗ ಇದೆ.

ಕೇಳಿದ ತಕ್ಷಣ ಕೋರ್ಟ್ ಡಿಎನ್‌ಎಗೆ ಆದೇಶ ಕೊಡುವುದಿಲ್ಲ. 1993ರ ಗೌತಮ್ ಕುಂಡು ಪ್ರಕರಣದಿಂದ ಹಿಡಿದು ಸುಪ್ರೀಂ ಕೋರ್ಟ್ ಇದನ್ನು ಹೇಳುತ್ತಲೇ ಬಂದಿದೆ. ಸುಮ್ಮನೆ ಹುಡುಕಾಟಕ್ಕೆ ಟೆಸ್ಟ್ ಇಲ್ಲ, ನಿಜವಾದ ಅಗತ್ಯ ಇರಬೇಕು. ಆ ತೀರ್ಪುಗಳಲ್ಲಿ ಬಹಳಷ್ಟು, ಗಂಡನೇ ‘ಮಗು ನನ್ನದಲ್ಲ’ ಎಂದು ಟೆಸ್ಟ್ ಕೇಳಿದಾಗ ಮಗುವನ್ನು ಕಾಪಾಡಲು ಬಂದವು. ಇಲ್ಲಿ ಟೆಸ್ಟ್ ಕೇಳುತ್ತಿರುವುದು ಮಗುವಿನ ಕಡೆಯವರು, ಅದೂ ಮಗುವಿನ ಒಳ್ಳೆಯದಕ್ಕೆ. ಈ ವ್ಯತ್ಯಾಸವನ್ನು ಅರ್ಜಿಯಲ್ಲೇ ಒತ್ತಿ ಬರೆಸಿ. ಮೊದಲು ಹೇಳಿದ ತಾಯಿ ಕಾರ್ಡ್, ಚಾಟ್, ಬಾಡಿಗೆ ಕರಾರು ಎಲ್ಲ ಇಲ್ಲಿ ಕೆಲಸಕ್ಕೆ ಬರುತ್ತವೆ. ‘ಸುಮ್ನೆ ಕೇಳುತ್ತಿಲ್ಲ, ಬಲವಾದ ಆಧಾರ ಇದೆ’ ಎಂದು ಅವೇ ತೋರಿಸಬೇಕು.

ಆದೇಶ ಆದರೂ ಸ್ಯಾಂಪಲ್ ಕೊಡಲ್ಲ ಅಂದರೆ? ಹಿಡಿದು ರಕ್ತ ತೆಗೆಯುವ ಪರಿಪಾಠ ಇಂಥ ಕೇಸುಗಳಲ್ಲಿ ಇಲ್ಲ. ಆದರೆ ಕೊಡದವರ ವಿರುದ್ಧ ಕೋರ್ಟ್ ತೀರ್ಮಾನಕ್ಕೆ ಬರಬಹುದು: ಕೊಟ್ಟಿದ್ದರೆ ಫಲಿತಾಂಶ ಇವರಿಗೆ ವಿರುದ್ಧವಾಗಿ ಬರುತ್ತಿತ್ತು, ಅದಕ್ಕೇ ಕೊಟ್ಟಿಲ್ಲ ಅಂತ. ದೀಪನ್ವಿತಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ದಾರಿ ಒಪ್ಪಿದೆ. ಎನ್.ಡಿ. ತಿವಾರಿ ಅವರ ಕೇಸು ನೆನಪಿರಬಹುದು. ಎರಡು ರಾಜ್ಯಗಳ ಮುಖ್ಯಮಂತ್ರಿ ಆಗಿದ್ದವರು, ರಾಜ್ಯಪಾಲರಾಗಿದ್ದವರು. ತಿವಾರಿಯೇ ತನ್ನ ತಂದೆ ಎಂದು ರೋಹಿತ್ ಶೇಖರ್ 2008ರಲ್ಲಿ ದೆಹಲಿ ಹೈಕೋರ್ಟಿಗೆ ಹೋದರು. ನಾಲ್ಕು ವರ್ಷ ಎಳೆದಾಡಿದ ಮೇಲೆ 2012ರ ಮೇ ತಿಂಗಳಲ್ಲಿ ತಿವಾರಿ ರಕ್ತ ಕೊಡಲೇಬೇಕಾಯಿತು. ಜುಲೈನಲ್ಲಿ ಫಲಿತಾಂಶ ಬಂತು, ಅವರೇ ತಂದೆ. ಅಷ್ಟು ದೊಡ್ಡವರಿಗೇ ತಪ್ಪಿಸಿಕೊಳ್ಳಲು ಆಗಲಿಲ್ಲ.

ಇಷ್ಟೆಲ್ಲ ಆಗಬೇಕಾದರೆ ಮೊದಲು ಅವರಿಗೆ ನೋಟಿಸ್ ಮುಟ್ಟಬೇಕು. ಸೈನಿಕರ ಕೇಸುಗಳು ಸೊರಗುವುದೇ ಇಲ್ಲಿ. ‘56 ಎಪಿಓ’ (ಸೇನೆಯ ಅಂಚೆ ಕಚೇರಿ) ಅಂತ ವಿಳಾಸ ಇರುತ್ತದೆ, ಅದರಿಂದ ಊರು ಯಾವುದು ಅಂತ ಗೊತ್ತಾಗಲ್ಲ, ಗೊತ್ತಾಗಬಾರದು ಅಂತಲೇ ಹಾಗೆ ಇಟ್ಟಿದ್ದಾರೆ. ಸರ್ಕಾರಿ ನೌಕರರ ಸಮನ್ಸ್ ಅನ್ನು ಅವರ ಮೇಲಧಿಕಾರಿಯ ಮೂಲಕ ಕಳಿಸಲು ಕಾನೂನಿನಲ್ಲಿ ಅವಕಾಶ ಇದೆ. ಹಾಗಾಗಿ ಸಮನ್ಸ್ ಸಿಓ ಮೂಲಕ ಹೋಗಲಿ. ಸಿಓಗೆ ನಿಮ್ಮ ಕಡೆಯಿಂದ ಮೊದಲು ತಲುಪುವ ಕಾಗದ ಕೋರ್ಟಿನ ಸೀಲು ಇರುವ ಕಾಗದವೇ ಆಗಿರಲಿ ಎಂದು ನಾನು ಹೇಳುವುದು ಇದಕ್ಕೇ.

ಅದಕ್ಕೆ ಅವರ ಆರ್ಮಿ ನಂಬರ್, ರ್‍ಯಾಂಕ್, ಪೂರ್ತಿ ಹೆಸರು, ಯೂನಿಟ್ ಬೇಕು. ಕ್ಯಾಂಟೀನ್ ಕಾರ್ಡಿನ ಫೋಟೋ, ಯಾವತ್ತೋ ಕಳಿಸಿದ ಪೇ ಸ್ಲಿಪ್, ರೈಲ್ವೆ ವಾರಂಟ್ (ಸೈನ್ಯ ಕೊಡುವ ರೈಲು ಪ್ರಯಾಣದ ಚೀಟಿ), ಹಳೇ ಚಾಟ್‌ಗಳಲ್ಲಿ ಹುಡುಕಿ. ಯೂನಿಟ್ ಬದಲಾಗಿದ್ದರೂ ನಂಬರ್ ಇದ್ದರೆ ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಅವರು ಎಲ್ಲಿದ್ದಾರೆ ಅಂತ ಗೊತ್ತಿರುತ್ತದೆ. ಮರಾಠಾ ಲೈಟ್ ಇನ್‌ಫೆಂಟ್ರಿಯವರಾದರೆ ಬೆಳಗಾವಿಯಲ್ಲಿ, ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರಾದರೆ ಬೆಂಗಳೂರಿನಲ್ಲಿ. ಜೊತೆಗೆ ಗದಗ ಜಿಲ್ಲೆಯ ಮನೆ ವಿಳಾಸಕ್ಕೂ ಒಂದು ಸಮನ್ಸ್ ಹೋಗಲಿ.

‘ನಾನು ಫೀಲ್ಡ್‌ನಲ್ಲಿ ಇದ್ದೇನೆ, ಬರಲು ಆಗಲ್ಲ’ ಅನ್ನುವ ಉತ್ತರ ಬಂದೇ ಬರುತ್ತದೆ. ಕೆಲವೊಮ್ಮೆ ಅದು ನಿಜವೂ ಆಗಿರುತ್ತದೆ. ಯುದ್ಧದ ಅಥವಾ ವಿಶೇಷ ಪರಿಸ್ಥಿತಿಯ ಕರ್ತವ್ಯದಲ್ಲಿ ಇರುವವರ ಸಿವಿಲ್ ಕೇಸುಗಳನ್ನು ಮುಂದೂಡಲು 1925ರದ್ದೇ ಒಂದು ಕಾಯ್ದೆ ಇದೆ. ಅದು ಸಿವಿಲ್ ಮತ್ತು ಕಂದಾಯ ಕೋರ್ಟುಗಳಿಗೆ ಸಂಬಂಧಿಸಿದ್ದು. ಸಿವಿಲ್ ದಾವೆಗಿಂತ 144ರ ಅರ್ಜಿಯೇ ವಾಸಿ ಎನ್ನಲು ಇದೂ ಒಂದು ಕಾರಣ. ಇನ್ನೊಂದು ಉಪಾಯ ಸೇನಾ ಕಾಯ್ದೆಯಲ್ಲೇ ಇದೆ. ಸೈನಿಕ ಕೇಸಿಗಾಗಿ ರಜೆ ಮೇಲೆ ಬಂದಿದ್ದಾನೆ ಎಂಬ ಸರ್ಟಿಫಿಕೇಟ್ ಇದ್ದರೆ, ಆ ರಜೆಯೊಳಗೇ ಕೇಸು ಮುಗಿಸಲು ಕೋರ್ಟ್ ಪ್ರಯತ್ನಿಸಬೇಕು ಎಂದು 32ನೇ ಸೆಕ್ಷನ್ ಹೇಳುತ್ತದೆ. ಅದನ್ನು ಅವರ ಅನುಕೂಲಕ್ಕೆ ಇಟ್ಟದ್ದು, ನಮಗೂ ಅನುಕೂಲವೇ. ಅವರ ವಾರ್ಷಿಕ ರಜೆ ಯಾವಾಗ ಅಂತ ತಿಳಿದುಕೊಂಡು ಸ್ಯಾಂಪಲ್ ದಿನಾಂಕ ಆ ಹೊತ್ತಿಗೆ ಕೇಳಿ. ಊರ ಜಾತ್ರೆಗೋ ದೀಪಾವಳಿಗೋ ಬಂದೇ ಬರುತ್ತಾರೆ, ಅಲ್ವಾ? ಬೇಕಂತಲೇ ನೋಟಿಸ್ ತಪ್ಪಿಸುತ್ತಿದ್ದಾರೆ ಅಂತ ಕೋರ್ಟಿಗೆ ಖಾತ್ರಿಯಾದರೆ ಅವರಿಲ್ಲದೆಯೂ ಆದೇಶ ಮಾಡಬಹುದು. ಸರಿಯಾದ ಕಾರಣ ಇದ್ದರೆ ಮೂರು ತಿಂಗಳೊಳಗೆ ಬಂದು ಅದನ್ನು ತೆಗೆಸಲು ಅವರಿಗೆ ಅವಕಾಶ ಇರುತ್ತದೆ.

ಹಣದ ವಿಷಯ ಚಿಕ್ಕದಾಗಿ. ಅರ್ಜಿ ಹಾಕುವ ದಿನವೇ ಮಧ್ಯಂತರ ಜೀವನಾಂಶದ ಅರ್ಜಿಯೂ ಹಾಕಿ. ನೋಟಿಸ್ ಮುಟ್ಟಿದ 60 ದಿನದಲ್ಲಿ ಅದನ್ನು ತೀರ್ಮಾನಿಸಬೇಕು ಎಂದಿದೆ. ನಡೆಯುವಾಗ ಜಾಸ್ತಿಯೇ ಆಗುತ್ತದೆ. ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಎರಡು ಮುಖ್ಯ ಮಾತು ಹೇಳಿದೆ. ಇಬ್ಬರೂ ಆದಾಯ, ಆಸ್ತಿ, ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಸಿಗಬೇಕು. ಎರಡನೆಯದನ್ನು ತಿರುಗಿಸಿ ಓದಿ: ಅರ್ಜಿ ಹಾಕುವ ಮೊದಲಿನ ತಿಂಗಳುಗಳು ಹೋದವು. ಕಳೆದ ಹತ್ತು ತಿಂಗಳ ಬಾಕಿ 144ರಲ್ಲಿ ಬರಲ್ಲ. ‘ಇನ್ನೂ ಸ್ವಲ್ಪ ದಿನ ನೋಡೋಣ’ ಅನ್ನುವ ಒಂದೊಂದು ತಿಂಗಳಿಗೂ ಮಗು ದುಡ್ಡು ಕಳೆದುಕೊಳ್ಳುತ್ತಿದೆ. ನಿಮಗೂ ಸಂಬಳ ಇದೆ, ಅದನ್ನು ಮುಚ್ಚಿಡಬೇಡಿ. ತಾಯಿ ದುಡಿಯುತ್ತಾಳೆ ಅಂತ ತಂದೆಯ ಪಾಲು ಮಾಫಿ ಆಗಲ್ಲ. ಅವರ ಸಂಬಳದ ವಿವರವನ್ನು ಕೋರ್ಟ್ ಮೂಲಕ ಪೇ ಅಕೌಂಟ್ಸ್ ಆಫೀಸಿನಿಂದ ತರಿಸಬಹುದು. ಸಿಪಾಯಿಯ ಮೂಲ ವೇತನ 21,700ರಿಂದ ಶುರು, ಮೇಲೆ ಮಿಲಿಟರಿ ಸರ್ವಿಸ್ ಪೇ 5,200, ತುಟ್ಟಿಭತ್ಯೆ, ಪೋಸ್ಟಿಂಗ್ ಜಾಗದ ಭತ್ಯೆ ಬೇರೆ. ‘ನನಗೆ ಬರೋದೇ ಇಪ್ಪತ್ತು ಸಾವಿರ’ ಎಂದರೆ ನಂಬಬೇಡಿ.

ಅಗ್ನಿವೀರ ಆಗಿದ್ದರೆ ಮಾತ್ರ ಆ ಮಾತು ನಿಜ ಆಗಿರಬಹುದು. ಮೊದಲ ವರ್ಷ 30,000ದಲ್ಲಿ ಸೇವಾನಿಧಿಗೆ (ಸೇವೆ ಮುಗಿದಾಗ ಕೊಡುವ ಗಂಟು) 30% ಮುರಿದು ಕೈಗೆ 21,000 ಬರುತ್ತದೆ. ಹೆಚ್ಚಿನವರಿಗೆ ನಾಲ್ಕು ವರ್ಷಕ್ಕೆ ಸೇವೆ ಮುಗಿಯುತ್ತದೆ, ಪಿಂಚಣಿ ಇಲ್ಲ. ಅಂಥವರ ವಿಷಯದಲ್ಲಿ ತಡ ಮಾಡಿದರೆ ಆಮೇಲೆ ಹಣ ಮುರಿಯಲು ಸೈನ್ಯವೇ ಇರಲ್ಲ. ನೀವು ಬರೆದದ್ದು ನೋಡಿದರೆ ಇವರು ಅಗ್ನಿವೀರ ಅನಿಸುವುದಿಲ್ಲ, ಆದರೂ ಖಾತ್ರಿ ಮಾಡಿಕೊಳ್ಳಿ.

ಆದೇಶ ಕೈಗೆ ಬಂತು ಅಂದುಕೊಳ್ಳಿ. ಈಗ ಸಿಓಗೆ ಪತ್ರ ಬರೆಯುವ ಸಮಯ. ಕೋರ್ಟಿನ ದೃಢೀಕೃತ ಪ್ರತಿ, ನಿಮ್ಮ ಬ್ಯಾಂಕ್ ವಿವರ, ಮಗುವಿನ ಜನನ ಪ್ರಮಾಣಪತ್ರ, ಒಂದು ಪುಟದ ಅರ್ಜಿ. ಅಳಲು ಬೇಡ, ಬೈಗುಳ ಬೇಡ, ಸೆಕ್ಷನ್ 91 ಅಂತ ಒಂದು ಸಾಲು ಸಾಕು. ಒಂದು ಪ್ರತಿ ರೆಕಾರ್ಡ್ ಆಫೀಸಿಗೆ, ಸ್ಪೀಡ್ ಪೋಸ್ಟಿನಲ್ಲಿ. ಈಗ ಅವರು ‘ನನ್ನ ಮಗು ಅಲ್ಲ’ ಎಂದರೆ ಸೈನ್ಯ ಕೇಳಲ್ಲ, ಕೋರ್ಟ್ ಹೇಳಿಯಾಗಿದೆ. ಸಂಬಳದಿಂದ ಮುರಿಯುವುದು ಶುರುವಾದರೆ ನಿಮಗೂ ನೆಮ್ಮದಿ, ಪ್ರತಿ ತಿಂಗಳು ಕೈ ಚಾಚಬೇಕಿಲ್ಲ. ಅಷ್ಟರ ಮೇಲೂ ಹಣ ಬರದಿದ್ದರೆ, ಬಾಕಿಯಾದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು. ವಾರಂಟ್ ಆದ ಮೇಲೂ ಕೊಡದಿದ್ದರೆ ಒಂದು ತಿಂಗಳವರೆಗೆ ಜೈಲೂ ಆಗಬಹುದು. ಸಾಲಕ್ಕಾಗಿ ಸೈನಿಕನನ್ನು ಬಂಧಿಸಬಾರದು ಅನ್ನುವ ರಕ್ಷಣೆಯೂ ಸಿವಿಲ್, ಕಂದಾಯ ಕೋರ್ಟುಗಳ ಮಾತೇ. ಆ ಆದೇಶವನ್ನು ಅವರು ಇರುವ ಊರಿನ ಮ್ಯಾಜಿಸ್ಟ್ರೇಟರೂ ಜಾರಿ ಮಾಡಬಹುದು. ನಾಳೆ ಅವರು ಬೇರೆ ಮದುವೆ ಆದರೂ ಮಗುವಿನ ಹಕ್ಕು ಹೋಗಲ್ಲ.

ನಿಮ್ಮ ಮನೆಯವರು ಪೊಲೀಸ್ ಕೇಸು ಹಾಕು ಎನ್ನುತ್ತಿರಬಹುದು. ಮದುವೆಯಾಗುವ ಉದ್ದೇಶವೇ ಇಲ್ಲದೆ ಮಾತು ಕೊಟ್ಟು ದೈಹಿಕ ಸಂಬಂಧ ಬೆಳೆಸುವುದು ಭಾರತೀಯ ನ್ಯಾಯ ಸಂಹಿತೆಯ 69ನೇ ಸೆಕ್ಷನ್‌ನಲ್ಲಿ ಅಪರಾಧ, 10 ವರ್ಷದವರೆಗೆ ಶಿಕ್ಷೆ. ಆದರೆ ಮೊದಲಿನಿಂದಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಬೇಕು. ಆಗ ಮನಸ್ಸಿತ್ತು, ಆಮೇಲೆ ಬದಲಾಯಿತು ಅಂದರೆ ಕೇಸು ನಿಲ್ಲುವುದು ಕಷ್ಟ. ಅದು ನಿಮ್ಮ ಹಕ್ಕು, ಬೇಡ ಅನ್ನಲು ನಾನು ಯಾರೂ ಅಲ್ಲ. ಒಂದು ಮಾತ್ರ ತಿಳಿದಿರಲಿ. ಶಿಕ್ಷೆಯಾಗಿ ನೌಕರಿ ಹೋದರೆ ಮುರಿದುಕೊಳ್ಳಲು ಸಂಬಳವೂ ಹೋಗುತ್ತದೆ. ಜೀವನಾಂಶಕ್ಕೆ ಒತ್ತಡ ಹಾಕಲು ಮಾತ್ರ ಈ ಕೇಸು ಹಾಕಬೇಡಿ.

ಊರ ಹಿರಿಯರು ಕೂರಿಸಿ ‘ಎರಡು ಲಕ್ಷ ತಗೋ, ಬಾಂಡ್ ಪೇಪರ್ ಮೇಲೆ ಸಹಿ ಹಾಕು’ ಎನ್ನುವುದೂ ಉಂಟು. ನಿಮ್ಮ ಹಕ್ಕನ್ನು ನೀವು ಬಿಡಬಹುದು, ಮಗನ ಹಕ್ಕನ್ನು ಬರೆದುಕೊಡಲು ಬರಲ್ಲ. ಅಂಥ ಕಾಗದ ಮಗುವನ್ನು ಕಟ್ಟಿಹಾಕುವುದಿಲ್ಲ. ಆದರೆ ಕೋರ್ಟಿನಲ್ಲಿ ಅದನ್ನು ಎದುರಿಸಿ ವಿವರಣೆ ಕೊಡುವ ತಲೆನೋವು ನಿಮಗೇ. ರಾಜಿ ಬೇಕಿದ್ದರೆ ಕೌಟುಂಬಿಕ ನ್ಯಾಯಾಲಯದ ಮಧ್ಯಸ್ಥಿಕೆಯಲ್ಲಿ ಆಗಲಿ, ಅವರು ತಂದೆ ಎಂದು ಒಪ್ಪಿದ ಮಾತು ಅದರಲ್ಲಿ ಬರಲಿ.

ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಖಾಲಿ ಇದ್ದರೆ ಈಗ ಹಾಗೇ ಇರಲಿ, ಬೇರೆ ಯಾರ ಹೆಸರನ್ನೂ ತುಂಬಬೇಡಿ. ಮದುವೆಯಾಗದ ತಾಯಿಯ ಮಗುವಿಗೆ ಜನನ ಪ್ರಮಾಣಪತ್ರ ನಿರಾಕರಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಕೋರ್ಟ್ ಆದೇಶ ಬಂದ ಮೇಲೆ ಹೆಸರು ಸೇರಿಸಲು ಅರ್ಜಿ ಕೊಡಬಹುದು. ‘ಕೇಸು ಹಾಕಿದರೆ ಮಗುವನ್ನು ಕಿತ್ತುಕೊಳ್ಳುತ್ತಾರಾ’ ಎನ್ನುವ ಹೆದರಿಕೆ ನಿಮ್ಮ ಪತ್ರದಲ್ಲಿ ಇಲ್ಲ, ಆದರೆ ಬಹಳ ತಾಯಂದಿರಿಗೆ ಇರುತ್ತದೆ. ಹಿಂದೂ ಕಾನೂನಿನಲ್ಲಿ ಮದುವೆಯ ಹೊರಗೆ ಹುಟ್ಟಿದ ಮಗುವಿನ ಸಹಜ ಪೋಷಕಿ ಮೊದಲು ತಾಯಿ, ಆಮೇಲೆ ತಂದೆ. ಆಸ್ತಿ ಮಾತ್ರ ಬೇರೆ ಕಥೆ. ಮದುವೆಯೇ ಆಗದಿದ್ದಾಗ ತಂದೆ ಉಯಿಲು ಬರೆಯದೆ ಹೋದರೆ ಮಗನಿಗೆ ವಾರಸುದಾರನ ಪಾಲು ಬರುವುದಿಲ್ಲ. ಚಿಕ್ಕವನಾಗಿ ಇರುವಷ್ಟು ಕಾಲ ತಂದೆಯ ಆಸ್ತಿಯಿಂದ ಜೀವನಾಂಶ ಕೇಳುವ ಹಕ್ಕು ಮಾತ್ರ ಇರುತ್ತದೆ.

ವಕೀಲರ ಫೀಸಿನ ಚಿಂತೆ ಬೇಡ, ತಂಗಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, ಇಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ. ಹೋಗುವಾಗ ತಾಯಿ ಕಾರ್ಡ್, ಬಾಡಿಗೆ ಕರಾರು, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದುಕೊಂಡು ಹೋಗಿ. ಫೋನ್ ಸ್ಟೋರೇಜ್ ಫುಲ್ ಅಂತ ತೋರಿಸಿದರೂ ಅಲ್ಲಿಯವರೆಗೆ ಏನನ್ನೂ ಡಿಲೀಟ್ ಮಾಡಬೇಡಿ.